ಹದಿನಾಲ್ಕು ಬೆಡ್‌ಶೀಟುಗಳು

ಹೋಟೆಲಿನ ಬಿಳಿ ಮೇಜುಬಟ್ಟೆಯ ನಟ್ಟನಡುವೆ ಇಸ್ತ್ರಿಪೆಟ್ಟಿಗೆಯ ಗುರುತು ಕಂದು ಬಣ್ಣದಲ್ಲಿ ಅಚ್ಚೊತ್ತಿತ್ತು. ಸುಟ್ಟ ವಾಸನೆಗೆ ಒಗೆಯುವ ಕೋಣೆಯಿಂದ ಓಡಿಬಂದ ದೊಡ್ಡವಳು ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

"ಇದೊಂದು ಬಾಕಿ ಇತ್ತು! ಬೆಳಗ್ಗೆ ಏಳೂವರೆಗೇ ನಿಂತಲ್ಲೇ ತೂಕಡಿಕೆ. ರಾತ್ರಿಯೆಲ್ಲ ಏನು ಕಲ್ಲು ಹೊತ್ತಿದ್ಯಾ?"

"ತೂಕಡಿಕೆ ಅಲ್ಲ ಅಕ್ಕ. ಕಣ್ಣು ಕತ್ತಲೆ ಬಂತು," ಎಂದಳು ಚಿಕ್ಕವಳು. ಮೂರು ಇಸ್ತ್ರಿಪೆಟ್ಟಿಗೆಗಳು ಉರಿಯುವ ಆ ಕೋಣೆಯ ಧಗೆಯಲ್ಲೂ ಅವಳು ಸ್ವೆಟರ್ ಹಾಕಿಕೊಂಡಿದ್ದಳು.

"ಕೆಲಸ ಕಂಡ್ರೆ ಕಣ್ಣು ಕತ್ತಲೆ, ಹಾಸಿಗೆ ಕಂಡ್ರೆ ಬೆಳಕು. ಮೈಗಳ್ಳಿ!"

ಇಬ್ಬರೂ ಓರಗಿತ್ತಿಯರು. ಗಂಡಂದಿರಲ್ಲಿ ಅಣ್ಣ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ, ತಮ್ಮ ವ್ಯಾನಿನಲ್ಲಿ ಬಟ್ಟೆ ತಂದು ಮುಟ್ಟಿಸುತ್ತಿದ್ದ. ಉಳಿದ ಇಡೀ ಲಾಂಡ್ರಿ ಈ ಇಬ್ಬರು ಹೆಂಗಸರ ಕೈಯಲ್ಲಿ ನಡೆಯಬೇಕಿತ್ತು. ನಡೆಯುತ್ತಿದ್ದದ್ದು ಮಾತ್ರ ದೊಡ್ಡವಳೊಬ್ಬಳ ಕೈಯಲ್ಲಿ. ಅವಳ ಬಾಯಿಗೆ ಹೆದರಿ ಗಿರಾಕಿಗಳು ಬೆನ್ನ ಹಿಂದೆ ಅವಳನ್ನು 'ಬಿಸಿ ಇಸ್ತ್ರಿ' ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಅವಳ ಸಿಟ್ಟಿಗೆ ಕಾರಣವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚಿಕ್ಕವಳು ಹೆರಿಗೆಯಾಗಿ ಬಂದು ಎರಡು ವರ್ಷವಾಗಿತ್ತು. ಆ ಎರಡು ವರ್ಷವೂ ಮಗುವಿಗೆ ಬಾಟಲಿ ಹಾಲು ಕುಡಿಸಿದವಳು, ಹಲ್ಲು ಬರುವಾಗ ಎದೆಗೆ ಹಾಕಿಕೊಂಡು ತಿರುಗಾಡಿದವಳು, ಜೊತೆಗೆ ಇಬ್ಬರ ಪಾಲಿನ ಬಟ್ಟೆ ಒಗೆದವಳು ದೊಡ್ಡವಳೇ. ಚಿಕ್ಕವಳು ಎರಡು ಬಕೆಟ್ ಎತ್ತಿದರೆ ಗೋಡೆ ಹಿಡಿಯುತ್ತಿದ್ದಳು. ಮಾತಾಡಿದರೆ ಮಾತು ನಿಧಾನ, ನಡೆದರೆ ನಡಿಗೆ ನಿಧಾನ. ಮೊದಲು ಮರುಕಪಟ್ಟ ಮನೆಯವರು ಆರು ತಿಂಗಳಾದ ಮೇಲೆ ಬೇಸರಪಟ್ಟರು, ವರ್ಷ ಕಳೆದ ಮೇಲೆ ಬೈದರು. ಬೀದಿಯವರ ಬಾಯಲ್ಲೂ ಅವಳಿಗೆ 'ಮೈಗಳ್ಳಿ' ಎಂಬ ಹೆಸರೇ ನಿಂತಿತು.

ಅಂದು ಮಧ್ಯಾಹ್ನ ವ್ಯಾನ್ ನಿಲ್ಲಿಸಿ ಒಳಗೆ ಬಂದ ಮೈದುನನ ಮುಂದೆ ದೊಡ್ಡವಳು ಮೇಜುಬಟ್ಟೆಯನ್ನು ಬಿಸಾಡಿದಳು.

"ನೋಡು ನಿನ್ನ ಹೆಂಡತಿ ಕೈಚಳಕ. ಈ ತಿಂಗಳ ಕೊನೆಗೆ ಅವಳನ್ನ ತವರಿಗೆ ಬಿಟ್ಟು ಬಾ. ಮಗು ಇಲ್ಲೇ ಇರ್ಲಿ, ಅದಕ್ಕೆ ನನ್ನ ಕೈಯೇ ಅಭ್ಯಾಸ. ನನ್ನ ಕೈಲಿ ಇನ್ನಾಗಲ್ಲ."

"ಅತ್ತಿಗೆ, ಕ್ಲಿನಿಕ್ಕಿನವರು ದೊಡ್ಡಾಸ್ಪತ್ರೆಗೆ ಚೀಟಿ ಬರ್ಕೊಟ್ಟಿದಾರೆ. ಒಂದ್ಸಲ ತೋರಿಸ್ತೀನಿ. ಏನೂ ಇಲ್ಲ ಅಂದ್ರೆ ನೀವು ಹೇಳಿದ ಹಾಗೇ ಆಗ್ಲಿ." ಅವನು ಹೆಂಡತಿಯ ಕಡೆ ನೋಡದೆ ಹೇಳಿದ.

"ನೀನು ಬೇಡ. ಅವಳು ಕೆಮ್ಮಿದ್ರೆ ನೀನು ಅಳ್ತೀಯ. ನಾನೇ ಕರ್ಕೊಂಡು ಹೋಗ್ತೀನಿ. ಏನೂ ಕಾಯಿಲೆ ಇಲ್ಲ ಅನ್ನೋದನ್ನ ಡಾಕ್ಟ್ರ ಬಾಯಿಂದ ನಾನೇ ಕೇಳ್ಬೇಕು."

ಚಿಕ್ಕವಳು ಮೂಲೆಯಲ್ಲಿ ಕರವಸ್ತ್ರಗಳನ್ನು ಮಡಚುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಮಗುವನ್ನು ಬಿಟ್ಟು ಹೋಗಬೇಕೆಂಬ ಮಾತಿಗೂ ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಅಳುವುದಕ್ಕೂ ತ್ರಾಣ ಬೇಕು.

ದೊಡ್ಡಾಸ್ಪತ್ರೆಯ ಡಾಕ್ಟರು ಮಾತಿನಲ್ಲಿ ಜಿಪುಣರು. ಚಿಕ್ಕವಳ ತೆಳುವಾದ ಹುಬ್ಬು ನೋಡಿದರು, ರಕ್ತದೊತ್ತಡ ನೋಡಿದರು, ಮತ್ತೊಮ್ಮೆ ನೋಡಿದರು.

"ಹೆರಿಗೆ ಆದ್ಮೇಲೆ ಎದೆಹಾಲು ಬಂತಾ?"

"ಒಂದು ಹನಿಯೂ ಬರ್ಲಿಲ್ಲ."

"ಮುಟ್ಟು?"

"ಆವತ್ತಿಂದ ಆಗೇ ಇಲ್ಲ."

ದೊಡ್ಡವಳು ತಿರುಗಿ ನೋಡಿದಳು. ಒಂದೇ ಸೂರಿನಡಿ ಇದ್ದೂ ಇದು ಅವಳಿಗೆ ಗೊತ್ತಿರಲಿಲ್ಲ.

"ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತಾ?"

"ಗೊತ್ತಿಲ್ಲ. ನನಗೆ ಎಚ್ಚರ ಇರ್ಲಿಲ್ಲ."

ಡಾಕ್ಟರು ಹೆರಿಗೆ ಆಸ್ಪತ್ರೆಯ ಹಳೆಯ ಕಾಗದ ಬಿಡಿಸಿ ಓದಿದರು. "ರಕ್ತಸ್ರಾವ ಸಾಮಾನ್ಯ ಅಂತ ಬರ್ದಿದೆ."

"ಸಾಮಾನ್ಯ ಅಂತೆ, ಸಾಮಾನ್ಯ!" ದೊಡ್ಡವಳು ಕುರ್ಚಿಯಿಂದ ಅರ್ಧ ಎದ್ದಳು. "ಆ ಹೆರಿಗೆ ಆಸ್ಪತ್ರೆ ಬಟ್ಟೆ ಒಗೆಯೋದು ನಾವೇ ಡಾಕ್ಟ್ರೇ. ಒಂದೊಂದು ಮಂಚದ ಬಟ್ಟೆ ಒಂದೊಂದು ಗಂಟು ಕಟ್ಟಿ, ನಂಬರ್ ಚೀಟಿ ಹಾಕಿ ಕಳಿಸ್ತಾರೆ. ಒಂದು ಹೆರಿಗೆಗೆ ಎರಡು ಬೆಡ್‌ಶೀಟು, ಹೆಚ್ಚಂದ್ರೆ ಮೂರು. ಇವಳ ಗಂಟಲ್ಲಿ ಹದಿನಾಲ್ಕು! ಹಿಂಡಿದ್ರೆ ಕೆಂಪು ನೀರು. ಮೂರು ದಿನ ತಣ್ಣೀರಲ್ಲಿ ನೆನೆಹಾಕಿ ಉಜ್ಜಿ ಉಜ್ಜಿ ನನ್ನ ಕೈ ಚರ್ಮ ಸುಲೀತು. ಇಷ್ಟಾಗಿ ಒಂದು ಒಳ್ಳೆ ಮಾತಿಲ್ಲ ಇವಳ ಬಾಯಲ್ಲಿ."

ಡಾಕ್ಟರ ಪೆನ್ನು ನಿಂತಿತು. "ಹದಿನಾಲ್ಕು? ನೀವೇ ಎಣಿಸಿದ್ರಾ?"

"ಎಣಿಸದೆ ಬಟ್ಟೆ ತಗೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ?"

"ಇದನ್ನ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ದೊಡ್ಡವಳು ಹೇಳದೆ ಇದ್ದಳೇ? ಎರಡು ವರ್ಷದಿಂದ ಬೀದಿಗೆಲ್ಲ ಹೇಳಿದ್ದಳು. ಆದರೆ ಹೇಳಿದ್ದು ತನ್ನ ಕೈ ನೋವನ್ನು, ಚಿಕ್ಕವಳ ರಕ್ತವನ್ನಲ್ಲ.

ಡಾಕ್ಟರು ಆ ಅಂಕಿಯನ್ನು ಬರೆದು ಕೆಳಗೆ ಗೆರೆ ಎಳೆದರು. ಮಿದುಳಿನ ಕೆಳಗೆ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಅನ್ನೋ ಗ್ರಂಥಿ ಇದೆ, ಬಸುರಿನಲ್ಲಿ ಅದು ದೊಡ್ಡದಾಗುತ್ತೆ, ಹೆರಿಗೆಯಲ್ಲಿ ರಕ್ತ ಹೀಗೆ ಹರಿದುಹೋದರೆ ಆ ಗ್ರಂಥಿ ರಕ್ತ ಸಿಗದೆ ಸಾಯಬಹುದು ಎಂದರು. ಹಾಲು, ಮುಟ್ಟು, ಮೈಯ ಬಿಸಿ, ಎದ್ದು ನಿಲ್ಲುವ ಶಕ್ತಿ ಎಲ್ಲಕ್ಕೂ ಅಪ್ಪಣೆ ಅಲ್ಲಿಂದಲೇ ಬರಬೇಕು. "ಇದೇ ಅಂತ ಈಗಲೇ ಹೇಳಲ್ಲ. ಪರೀಕ್ಷೆ ಮಾಡಬೇಕು. ನಾಳೆ ಬೆಳಗ್ಗೆ ಎಂಟಕ್ಕೆ ರಕ್ತ ಕೊಡಿ."

"ಎಂಟಕ್ಕೆ ಹೋಟೆಲ್ ಬಟ್ಟೆ ಹೊರಡೋ ಹೊತ್ತು. ಸಾಯಂಕಾಲ ಕೊಟ್ರೆ ರಕ್ತ ಹಸಿರಾಗುತ್ತಾ?"

"ಎದ್ದು ನಿಲ್ಲೋ ಶಕ್ತಿ ಕೊಡೋ ಹಾರ್ಮೋನು ಬೆಳಗ್ಗೆ ಏರಿರಬೇಕು. ಸಂಜೆ ಎಲ್ಲರಿಗೂ ಇಳಿದಿರುತ್ತೆ, ನಿಮಗೂ. ಸಂಜೆಯ ರಕ್ತದಲ್ಲಿ ನನಗೇನೂ ಗೊತ್ತಾಗಲ್ಲ."

ಗೊಣಗುತ್ತಲೇ ದೊಡ್ಡವಳು ಎಂಟಕ್ಕೆ ಕರೆತಂದಳು. ಫಲಿತಾಂಶ ಅತ್ತಲೂ ಅಲ್ಲ ಇತ್ತಲೂ ಅಲ್ಲ, ಗಡಿಯಲ್ಲಿ ಬಂತು. ಇನ್ನೊಂದು ಪರೀಕ್ಷೆ ಆಗಲೇಬೇಕಾಯಿತು: ಸೂಜಿಮದ್ದು ಕೊಟ್ಟು ರಕ್ತದ ಸಕ್ಕರೆಯನ್ನು ಬೇಕೆಂದೇ ಇಳಿಸುವುದು. ಗಟ್ಟಿ ಮೈಯಾದರೆ ಅಪಾಯ ಬಂತೆಂದು ತಿಳಿದು ಹಾರ್ಮೋನನ್ನು ಮೇಲೆತ್ತುತ್ತದೆ. ಎತ್ತುತ್ತದೋ ಇಲ್ಲವೋ ಎಂದು ಎರಡು ಗಂಟೆ, ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ರಕ್ತ ತೆಗೆದು ನೋಡುವುದು.

"ಇವರನ್ನ ಮಲಗೋಕೆ ಬಿಡಬೇಡಿ," ಎಂದು ನರ್ಸು ದೊಡ್ಡವಳಿಗೆ ಹೇಳಿದಳು. "ನಾನು ಇಲ್ಲೇ ಇರ್ತೀನಿ. ನೀವು ಮಾತಾಡಿಸ್ತಾ ಇರಿ. ಉತ್ತರ ಬರೋದು ನಿಂತ್ರೆ ನನಗೆ ತಕ್ಷಣ ಗೊತ್ತಾಗಬೇಕು."

"ಏನು ಮಾತಾಡ್ಲಿ?"

"ಏನಾದ್ರೂ. ಮನೇಲಿ ಏನು ಮಾತಾಡ್ತೀರೋ ಅದನ್ನೇ."

ಮನೆಯಲ್ಲಿ ಅವರು ಆಡುತ್ತಿದ್ದ ಮಾತು ಒಂದೇ ಬಗೆಯದು. ಹತ್ತು ನಿಮಿಷ ಗೋಡೆಯ ಗಡಿಯಾರ ನೋಡಿ, ಚಿಕ್ಕವಳ ರೆಪ್ಪೆ ಇಳಿಯತೊಡಗಿದಾಗ ದೊಡ್ಡವಳು ಗತಿಯಿಲ್ಲದೆ ಶುರುಮಾಡಿದಳು. "ಏಯ್, ಕಣ್ಣು ಬಿಡು! ಮೇಜುಬಟ್ಟೆ ಸುಟ್ಟೆಯಲ್ಲ, ಹೋಟೆಲಿನವನಿಗೆ ಯಾರು ಉತ್ತರ ಹೇಳ್ಬೇಕು? ಮೊನ್ನೆ ಹಾಲು ಉಕ್ಕಿಸಿದೆ. ಹೋದ ತಿಂಗಳು ನೀಲಿ ಅಂಗಿ ಬಿಳಿ ಬಟ್ಟೆ ಜೊತೆ ಹಾಕ್ದೆ. ಹಾಕಿದ್ಯೋ ಇಲ್ವೋ?"

"ಹಾಕ್ದೆ... ಅಕ್ಕ."

"ಜೋರಾಗಿ ಹೇಳು!"

ಚಿಕ್ಕವಳ ಹಣೆಯಲ್ಲಿ ಬೆವರು ಒಡೆಯಿತು. ಎರಡು ವರ್ಷದಲ್ಲಿ ಅವಳು ಬೆವರಿದ್ದನ್ನು ದೊಡ್ಡವಳು ನೋಡಿಯೇ ಇರಲಿಲ್ಲ. ತುಟಿ ನಡುಗಿತು, ಕೈ ನಡುಗಿತು, ಮಂಚವೇ ಸಣ್ಣಗೆ ಅಲುಗಿತು. ನರ್ಸು ಬೆರಳು ಚುಚ್ಚಿ ಸಕ್ಕರೆ ನೋಡಿ "ಮೂವತ್ತೆಂಟು, ಬೇಕಾದಷ್ಟು ಇಳಿದಿದೆ" ಎಂದಳು. ರಕ್ತವನ್ನು ಕೊಳವೆಗೆ ತುಂಬಿಕೊಂಡಳು. ದೊಡ್ಡವಳು ಭಯಕ್ಕೆ ದನಿ ಏರಿಸಿದಳು. ಬೈಯಲು ಸಿಕ್ಕಿದ್ದನ್ನೆಲ್ಲ ಬೈದಳು, ಕೊನೆಗೆ ಎಲ್ಲಕ್ಕಿಂತ ಹೆಚ್ಚಾಗಿ ತನ್ನನ್ನೇ ಚುಚ್ಚುತ್ತಿದ್ದ ಮಾತು ಹೊರಬಿತ್ತು.

"ನೀನು ಹೆತ್ತ ಮಗು ನನ್ನನ್ನ ಅಮ್ಮ ಅನ್ನುತ್ತೆ. ನಿನಗೆ ನಾಚಿಕೆ ಆಗಲ್ವಾ?"

"ನಾನೇ... ಕಲಿಸಿದ್ದು ಅಕ್ಕ."

"ಏನಂದೆ?"

"ನಾನು ಬಹಳ ದಿನ... ಇರಲ್ಲ ಅನ್ನಿಸ್ತಿತ್ತು. ಯಾರಿಗೆ ಹೇಳ್ಲಿ? ಅದಕ್ಕೆ... ಅದು ಅಳೋದು ಬೇಡ ಅಂತ... ನಿಮ್ಮನ್ನ ತೋರಿಸಿ... ಅಮ್ಮ ಅನ್ನು ಅಂತ..."

ಮಾತು ಅಲ್ಲಿಗೆ ನಿಂತಿತು. ಕಣ್ಣು ಮೇಲಕ್ಕೆ ಸರಿಯಿತು.

"ಸಿಸ್ಟರ್!" ದೊಡ್ಡವಳು ಕಿರುಚಿದಳು. ನರ್ಸು ಆಗಲೇ ಸೂಜಿಯ ಮೂಲಕ ಸಕ್ಕರೆ ನೀರು ಹರಿಸುತ್ತಿದ್ದಳು. ದೊಡ್ಡವಳು ಚಿಕ್ಕವಳ ಅಂಗೈ ಹಿಡಿದು ಉಜ್ಜಿದಳು, ಕಲೆ ಹೋಗದ ಬಟ್ಟೆ ಉಜ್ಜುವ ಹಾಗೆ. "ಬಿಡು ಕಣ್ಣು. ಬಿಡೇ! ನನ್ನ ಬೈಗುಳ ಇನ್ನೂ ಮುಗಿದಿಲ್ಲ, ಎಲ್ಲಿಗೆ ಹೊರಟೆ?" ಎಂದು ಗದರುತ್ತ ಅವಳು ಅತ್ತಳು. ಎರಡು ನಿಮಿಷಕ್ಕೆ ಚಿಕ್ಕವಳು ಕಣ್ಣು ತೆರೆದಳು. ಉಳಿದ ರಕ್ತವನ್ನೂ ಹೊತ್ತುಹೊತ್ತಿಗೆ ತೆಗೆದು ಅವಳಿಗೆ ಊಟ ಕೊಟ್ಟರು.

ವಾರದ ಮೇಲೆ ಡಾಕ್ಟರು ಕಾಗದ ಮುಂದಿಟ್ಟರು. ಏರಬೇಕಾದದ್ದು ಏರಿರಲಿಲ್ಲ. ತಲೆಯ ಸ್ಕ್ಯಾನಿನಲ್ಲಿ ಗ್ರಂಥಿ ಒಣಗಿ ಕುಗ್ಗಿದ್ದು ಕಾಣುತ್ತಿತ್ತು.

"ಅಂದ್ರೆ ಮೇಸ್ತ್ರಿ ಸತ್ತಿದ್ದಾನೆ, ಆಳುಗಳು ಸುಮ್ನೆ ಕೂತಿದ್ದಾರೆ," ಎಂದಳು ದೊಡ್ಡವಳು.

"ಸರಿಯಾಗಿ ಹೇಳಿದ್ರಿ. ಮೊದಲು ಏರದ ಆ ಹಾರ್ಮೋನಿಗೆ ಈ ಮಾತ್ರೆ, ಆಮೇಲೆ ಥೈರಾಯ್ಡ್ ಮಾತ್ರೆ. ಹಿಂದುಮುಂದು ಮಾಡಬೇಡಿ. ಜೀವನಪೂರ್ತಿ ತಗೋಬೇಕು, ನಾವು ಹೇಳದೆ ಒಂದು ದಿನವೂ ಬಿಡೋ ಹಾಗಿಲ್ಲ. ಜ್ವರ ಬಂದ್ರೆ ಮೊದಲ ಮಾತ್ರೆ ಹೆಚ್ಚು ಬೇಕಾಗುತ್ತೆ, ಬಂದು ಕೇಳಿ. ಇನ್ನೊಂದು ವರ್ಷ ತಡ ಮಾಡಿ ಯಾವುದಾದ್ರೂ ಜ್ವರ ಬಂದಿದ್ರೆ, ಇವರು ಉಳಿಯೋದು ಕಷ್ಟ ಇತ್ತು."

ದೊಡ್ಡವಳು ಮನೆಗೆ ಬಂದು ಮೈದುನನಿಗೆ, "ತವರು ಗಿವರು ಅಂದಿದ್ದೆನಲ್ಲ, ಅದನ್ನ ಮರೆತುಬಿಡು," ಎಂದಳು. ಮಗು ಓಡಿಬಂದು ಅವಳ ಕಾಲು ಹಿಡಿದು "ಅಮ್ಮ" ಎಂದಿತು. ಅವಳು ಅದನ್ನು ಎತ್ತಿಕೊಂಡು ಚಿಕ್ಕವಳ ತೊಡೆಯ ಮೇಲೆ ಕೂರಿಸಿದಳು. "ನಾನು ದೊಡ್ಡಮ್ಮ ಕಣೋ. ಅಮ್ಮ ಇವಳು." ಅದನ್ನು ಹೇಳುವಾಗ ಅವಳಿಗೆ ಎದೆ ಕಿತ್ತು ಬಂದಂತಾಯಿತು, ಆದರೂ ಮಗು ಒಪ್ಪುವವರೆಗೂ ಹೇಳಿದಳು.

ಅವಳ ಬಾಯಿಯೇನೂ ಬದಲಾಗಲಿಲ್ಲ. "ಮಾತ್ರೆ ನುಂಗಿದ್ಯಾ, ಇಲ್ಲ ನಾನು ಬಂದು ಗಂಟಲಿಗೆ ತುರುಕ್ಬೇಕಾ?" ಎಂಬ ಗದರಿಕೆ ಬೆಳಗ್ಗೆ ಬೀದಿಯ ತುದಿಗೂ ಕೇಳುತ್ತಿತ್ತು.

ಮೂರು ತಿಂಗಳಾಗುವ ಹೊತ್ತಿಗೆ ಚಿಕ್ಕವಳು ಸ್ವೆಟರ್ ಕಳಚಿ ಇಟ್ಟು, ಗಂಟು ಬಿಚ್ಚಿ ಎಣಿಸುವ ಕೆಲಸಕ್ಕೆ ಕೂತಿದ್ದಳು. ಒಂದು ದಿನ ಹೆರಿಗೆ ಆಸ್ಪತ್ರೆಯ ಗಂಟು ಬಿಚ್ಚಿದವಳು ಎಣಿಸುತ್ತ ಎಣಿಸುತ್ತ ನಿಂತುಬಿಟ್ಟಳು.

"ಅಕ್ಕ, ಒಂಬತ್ತನೇ ಮಂಚದ್ದು. ಹನ್ನೊಂದು ಇದೆ."

ದೊಡ್ಡವಳು ಕೈ ಒರೆಸಿಕೊಂಡಳು. ಬಟ್ಟೆ ನೆನೆಹಾಕಲಿಲ್ಲ. ಚೀಟಿ ಕಿತ್ತುಕೊಂಡು ನೇರ ವ್ಯಾನ್ ಹತ್ತಿದಳು.

"ಒಂಬತ್ತನೇ ಮಂಚದ ತಾಯಿ ಕಾಗದದಲ್ಲಿ ರಕ್ತ ಎಷ್ಟು ಹೋಯ್ತು ಅಂತ ಬರ್ದಿದೀರಿ?" ಎಂದು ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸನ್ನು ಕೇಳಿದಳು.

"ಸಾಮಾನ್ಯ ಅಂತ. ಯಾಕೆ? ಬಟ್ಟೆ ಒಗೆಯೋರು ಬಟ್ಟೆ ಒಗೀರಿ."

"ಹನ್ನೊಂದು ಬೆಡ್‌ಶೀಟು. ಅದನ್ನ ಬರೀರಿ. ಡಾಕ್ಟ್ರಿಗೆ ತೋರಿಸಿ, ಹಾಲು ಬಂತಾ ಅಂತ ಕೇಳಿ, ದೊಡ್ಡಾಸ್ಪತ್ರೆಗೆ ಚೀಟಿ ಕೊಡಿ."

"ಬರೆಯದಿದ್ರೆ?"

"ನಾಳೆಯಿಂದ ನಿಮ್ಮ ಬಟ್ಟೆ ನೀವೇ ಒಗೆದ್ಕೊಳ್ಳಿ. ಸಾಮಾನ್ಯ ಅಂದ್ರೆ ಎಷ್ಟು ಅಂತ ಆಗ ನಿಮ್ಮ ಕೈಗೇ ಗೊತ್ತಾಗುತ್ತೆ."

ನರ್ಸು ಅವಳನ್ನು ದುರುಗುಟ್ಟಿ ನೋಡಿದಳು. ಕೊನೆಗೆ ಪೆನ್ನು ತೆಗೆದು ಬರೆದಳು. ದೊಡ್ಡವಳು ಅದನ್ನು ಎರಡು ಸಲ ಓದಿಸಿಕೊಂಡು ಹೊರಟಳು.

ವಾರ್ಡಿನ ಬಾಗಿಲಲ್ಲಿ ಕಾಲು ತಡೆಯಿತು. ಒಂಬತ್ತನೇ ಮಂಚದಲ್ಲಿ ಒಬ್ಬ ಹುಡುಗಿ ಎರಡು ಕಂಬಳಿ ಹೊದ್ದು ಮುದುಡಿ ಮಲಗಿದ್ದಳು. ಪಕ್ಕದಲ್ಲಿ ಅವಳ ಅತ್ತೆ ಅಳುವ ಕೂಸನ್ನು ಆಡಿಸುತ್ತ, "ಎದ್ದು ಹಾಲು ಕೊಡೋಕೂ ಸೋಂಬೇರಿತನ!" ಎಂದು ಸಿಡುಕುತ್ತಿದ್ದಳು.

'ಬಿಸಿ ಇಸ್ತ್ರಿ' ಒಳಗೆ ಹೋಗಿ ಆ ಹೆಂಗಸಿನ ಹೆಗಲ ಮೇಲೆ ಕೈಯಿಟ್ಟಳು.

"ಬೈಬೇಡಿ ಅಮ್ಮ. ನಾನು ಎರಡು ವರ್ಷ ಬೈದು ನೋಡಿದೀನಿ. ಗುಣ ಆಗಲ್ಲ."