ವರ್ನ ಕೆಲಸ ಬಿಡಲಿಲ್ಲ

ಅಮೆರಿಕದಲ್ಲಿ, ಸುಪೀರಿಯರ್ ಸರೋವರದ ದಂಡೆಯ ಒಂದು ಸಣ್ಣ ಊರಿನಲ್ಲಿ ಕಾಗದದ ಕಾರ್ಖಾನೆ ಮುಚ್ಚಿದ್ದು ಸೆಪ್ಟೆಂಬರಿನಲ್ಲಿ. ಅದರ ಬಿಸಿ ಆರ್ವಿಡ್‌ನ ಅಂಗಡಿಗೆ ತಟ್ಟಲು ಒಂದು ತಿಂಗಳೂ ಬೇಕಾಗಲಿಲ್ಲ.

ಆರ್ವಿಡ್ ಮತ್ತು ಅವನ ಹೆಂಡತಿ ಮಾರ್ಲಿಸ್ ನಡೆಸುತ್ತಿದ್ದದ್ದು ಪಾಸ್ಟಿ ಅಂಗಡಿ. ಪಾಸ್ಟಿ ಅಂದರೆ ಮಾಂಸ, ಆಲೂಗೆಡ್ಡೆ, ಈರುಳ್ಳಿ ತುಂಬಿ ಒಲೆಯಲ್ಲಿ ಬೇಯಿಸಿದ ದೊಡ್ಡ ಕಡುಬು. ಕಾರ್ಖಾನೆಯ ಪಾಳಿಗೆ ಹೋಗುವವರು ಬೆಳಿಗ್ಗೆ ಒಂದೊಂದು ಕಟ್ಟಿಸಿಕೊಂಡು ಹೋಗುತ್ತಿದ್ದರು. ಪಾಳಿಯೇ ಇಲ್ಲದ ಮೇಲೆ ಕಡುಬು ಯಾರಿಗೆ ಬೇಕು? ದಿನಕ್ಕೆ ಮುನ್ನೂರು ಹೋಗುತ್ತಿದ್ದದ್ದು ಎಂಬತ್ತಕ್ಕೆ ಇಳಿಯಿತು.

ಅಂಗಡಿಯಲ್ಲಿ ಸಂಬಳಕ್ಕಿದ್ದವರು ಇಬ್ಬರು. ಅರ್ಧ ದಿನ ಗಲ್ಲಾ ನೋಡಿಕೊಳ್ಳುವ ಒಬ್ಬ ಹೆಂಗಸು. ಇನ್ನೊಬ್ಬಳು ವರ್ನ. ಹತ್ತೊಂಬತ್ತು ವರ್ಷದಿಂದ ಹಿಟ್ಟು ನಾದಿ, ಲಟ್ಟಿಸಿ, ಹೂರಣ ತುಂಬಿ ಅಂಚು ಒತ್ತುತ್ತಿದ್ದವಳು ಅವಳೇ. ಅವಳ ಗಂಡ ಓಯ್ವನಿಗೆ ಶ್ವಾಸಕೋಶ ಹಾಳಾಗಿತ್ತು. ಮನೆಯಲ್ಲಿ ಆಮ್ಲಜನಕದ ಯಂತ್ರದ ಪಕ್ಕ, ಮೂಗಿಗೆ ಕೊಳವೆ ಹಾಕಿಕೊಂಡು ಕೂತಿರುತ್ತಿದ್ದ.

ಅಕ್ಟೋಬರಿನ ಕೊನೆಯಲ್ಲಿ ಒಂದು ಬೆಳಿಗ್ಗೆ, ನಿದ್ದೆಗೆಟ್ಟು ಬಂದಿದ್ದ ವರ್ನಳ ಕೈಯಿಂದ ತಟ್ಟೆ ಜಾರಿ ಇಪ್ಪತ್ತನಾಲ್ಕು ಕಡುಬು ನೆಲದ ಪಾಲಾದವು. ಅವಳು ಅಲ್ಲೇ ಕುಕ್ಕರಿಸಿದಳು.

"ಸಾಕಾಗಿ ಹೋಯ್ತು ನನಗೆ. ಇನ್ನು ನನ್ನ ಕೈಲಾಗಲ್ಲ."

ಮಾರ್ಲಿಸ್ ಅವಳ ಕೈಗೆ ಒಂದು ಲೋಟ ಕಾಫಿ ಕೊಟ್ಟಳು. ವರ್ನ ಕುಡಿದು, ಎದ್ದು, ಮತ್ತೆ ಹಿಟ್ಟು ಕಲಸಿದಳು. ಆ ಮಾತನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ದಣಿದವರು ಆಡುವ ಮಾತು, ಅಷ್ಟೇ.

ನವೆಂಬರಿನ ಮೂರನೇ ಶುಕ್ರವಾರ ಆರ್ವಿಡ್ ಅವಳನ್ನು ಹಿಂದಿನ ಕೋಣೆಗೆ ಕರೆದ.

"ವರ್ನ, ನಿನಗೆ ಕೊಡೋಕೆ ಕೆಲಸ ಇಲ್ಲ. ನಾನೂ ಮಾರ್ಲಿಸೂ ಸೇರಿಕೊಂಡೇ ಮಾಡಿ ಮುಗಿಸ್ತೀವಿ. ಸೋಮವಾರದಿಂದ ಬರೋದು ಬೇಡ."

"ಗೊತ್ತಿತ್ತು ಬಿಡು," ಅಂದಳು ವರ್ನ. "ನಾನೂ ಕಣ್ಣಾರೆ ನೋಡ್ತಿದ್ದೀನಲ್ಲ ವ್ಯಾಪಾರಾನ."

ಅಂದಿನ ಲಟ್ಟಣಿಗೆ ತೊಳೆದಿಟ್ಟು ಹೋದಳು.

ಹತ್ತು ದಿನಕ್ಕೆ ಕಾರ್ಮಿಕ ಕಚೇರಿಯಿಂದ ಲಕೋಟೆ ಬಂತು. ಕೆಲಸ ಹೋದವರಿಗೆ ಬೇರೆ ಕೆಲಸ ಸಿಗುವ ತನಕ ವಾರವಾರ ಒಂದಿಷ್ಟು ದುಡ್ಡು ಕೊಡುವ ನಿರುದ್ಯೋಗ ವಿಮೆಗೆ ವರ್ನ ಅರ್ಜಿ ಹಾಕಿದ್ದಾಳೆ, ಅವಳು ಕೆಲಸದಿಂದ ಹೊರಗಾದದ್ದು ಹೇಗೆ ಎಂದು ತಿಳಿಸಿ ಎಂದಿತ್ತು. ಲಕೋಟೆ ಕಂಡೇ ಆರ್ವಿಡ್‌ನ ಮುಖ ಬಿಳಿಚಿಕೊಂಡಿತು. ಅದಕ್ಕೆ ಕಾರಣವೂ ಇತ್ತು. ಆರು ವರ್ಷದ ಹಿಂದೆ, ಒಲೆ ಕೆಟ್ಟ ಚಳಿಗಾಲದಲ್ಲಿ, ಕೆಲಸದವರ ಸಂಬಳದಿಂದ ಹಿಡಿದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟದೆ ಹೊಸ ಒಲೆಗೆ ಹಾಕಿದ್ದ. ಆಮೇಲೆ ಕಟ್ಟಿದರಾಯಿತು ಅಂದುಕೊಂಡಿದ್ದ. ದಂಡ, ಬಡ್ಡಿ ಎಲ್ಲ ಸೇರಿ ಎರಡು ವರ್ಷ ಅವನನ್ನು ಹಿಂಡಿತ್ತು. ಅಂದಿನಿಂದ ಸರ್ಕಾರದ ಯಾವ ಕಾಗದ ಬಂದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಮಾರನೇ ಬೆಳಿಗ್ಗೆ ಕಾಫಿಗೆ ಬಂದ ಹಾರ್ಡ್‌ವೇರ್ ಅಂಗಡಿಯ ಡೆಲ್ಬರ್ಟ್ ಕಾಗದ ಓದಿ ನಕ್ಕ.

"ತೆಗೆದು ಹಾಕಿದೆ ಅಂತ ಬರೆದೆಯೋ, ಕೆಟ್ಟೆ. ಅವಳಿಗೆ ಕೊಟ್ಟದ್ದನ್ನೆಲ್ಲ ನಿನ್ನ ಲೆಕ್ಕಕ್ಕೆ ಹಾಕ್ತಾರೆ. ನಿನ್ನ ವಿಮೆ ದರ ಗಗನಕ್ಕೆ ಹೋಗುತ್ತೆ. ಅವಳೇ ಬಿಟ್ಟಳು ಅಂತ ಬರಿ ಮಾರಾಯ. ಎಲ್ಲರೂ ಬರೆಯೋದೇ ಹಾಗೆ."

"ಅವಳು ಬಿಡಲಿಲ್ಲವಲ್ಲ."

"ಯಾವತ್ತೂ ಏನೂ ಅಂದಿಲ್ಲವಾ? ಸಾಕಾಯ್ತು, ಗೀಕಾಯ್ತು ಅಂತ?"

ಒಲೆಯ ಹತ್ತಿರವಿದ್ದ ಮಾರ್ಲಿಸ್ ಇದನ್ನು ಕೇಳಿಸಿಕೊಂಡಳು. ಆರ್ವಿಡ್ ತನ್ನ ಕಡೆ ತಿರುಗಿ ನೋಡಿದ್ದೂ ಗೊತ್ತಾಯಿತು. ಅವಳು ಏನೂ ಅನ್ನದೆ ಒಲೆಯ ಬಾಗಿಲು ಮುಚ್ಚಿದಳು. ಆರ್ವಿಡ್ 'ತಾನಾಗಿ ಬಿಟ್ಟಳು' ಎಂದು ಬರೆದು ಕಳಿಸಿದ.

ತಾನಾಗಿ ಕೆಲಸ ಬಿಟ್ಟವರಿಗೆ ಆ ವಿಮೆ ಸಿಗುವುದಿಲ್ಲ. ವರ್ನಳ ದುಡ್ಡು ಅಲ್ಲಿಗೇ ನಿಂತಿತು. ಅವಳು ತಕರಾರು ಹಾಕಿದಳು. ಜನವರಿ ಹದಿನೆಂಟಕ್ಕೆ ಫೋನಿನಲ್ಲೇ ವಿಚಾರಣೆ ಇಟ್ಟರು. ವಿಚಾರಣಾಧಿಕಾರಿ ಎಲ್ಲೋ ದೂರದ ನಗರದಲ್ಲಿ, ವರ್ನ ತನ್ನ ಮನೆಯಲ್ಲಿ, ಗಂಡ ಹೆಂಡತಿ ಅಂಗಡಿಯ ಮೇಜಿನ ಮುಂದೆ. ಮೂವರೂ ಸತ್ಯವನ್ನೇ ಹೇಳುತ್ತೇವೆ ಎಂದು ಪ್ರಮಾಣ ಮಾಡಿದರು.

ಆರ್ವಿಡ್ ಅಕ್ಟೋಬರಿನ ಆ ಮಾತನ್ನು ಹಿಡಿದು, ವರ್ನ ತಾನಾಗಿಯೇ ಬಿಟ್ಟಳು ಅಂದ. ಅಧಿಕಾರಿ ಮಾರ್ಲಿಸ್‌ಳನ್ನು ಕೇಳಿದರು.

"ವರ್ನ ಅವರು 'ಸಾಕಾಯ್ತು, ಇನ್ನು ಕೈಲಾಗಲ್ಲ' ಅಂದದ್ದನ್ನ ನೀವು ಕೇಳಿದ್ದೀರಾ?"

"ಕೇಳಿದ್ದೀನಿ."

"ಅದು ಕೆಲಸ ಬಿಡೋ ಮಾತು ಅಂತಲೇ ನಿಮಗೆ ಅನ್ನಿಸಿತಾ?"

ಫೋನಿನಲ್ಲಿ ಓಯ್ವನ ಯಂತ್ರದ ಸದ್ದು ಕೇಳುತ್ತಿತ್ತು. ಮಾರ್ಲಿಸ್ ಗಂಡನ ಕೈ ನೋಡಿದಳು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದ.

"ಹೌದು," ಅಂದಳು.



"ವರ್ನ ಅವರೇ, ನೀವು ಇವರನ್ನ ಏನಾದರೂ ಕೇಳಬಹುದು," ಅಂದರು ಅಧಿಕಾರಿ.

"ಮಾರ್ಲಿಸ್ ಹಾಗಂದ ಮೇಲೆ ನನಗೆ ಕೇಳೋಕೆ ಏನೂ ಇಲ್ಲ," ಅಂದಳು ವರ್ನ.

ಅಂದೇ ತೀರ್ಪು ಅವಳ ವಿರುದ್ಧ ಆಯಿತು.

ಮುಂದಿನ ವಾರದಿಂದ ವರ್ನ ಮೂವತ್ತೈದು ಮೈಲಿ ಆಚೆ, ಹೆದ್ದಾರಿಯ ಪಕ್ಕದ ವಸತಿಗೃಹವೊಂದರಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸುವ ಕೆಲಸಕ್ಕೆ ಹೋಗತೊಡಗಿದಳು. ಹಿಮ ಬಿದ್ದ ರಸ್ತೆ. ಹೋಗಿ ಬರುವುದಕ್ಕೇ ಎರಡೂವರೆ ಗಂಟೆ. ಓಯ್ವನ ಕೈಗೆ ಫೋನು, ತೊಡೆಯ ಮೇಲೆ ಬ್ರೆಡ್ಡಿನ ತಟ್ಟೆ ಇಟ್ಟು ಹೋಗುತ್ತಿದ್ದಳು. ಫೆಬ್ರವರಿಯ ಮೊದಲ ಮಂಗಳವಾರ ಮಧ್ಯಾಹ್ನ ಅವಳು ಹನ್ನೊಂದನೇ ಕೋಣೆ ಗುಡಿಸುತ್ತಿದ್ದ ಹೊತ್ತಿಗೆ ಓಯ್ವ ಕುರ್ಚಿಯಲ್ಲೇ ತೀರಿಕೊಂಡ. ಸಂಜೆ ಬಂದು ಬಾಗಿಲು ತೆಗೆದಾಗಲೇ ಅವಳಿಗೆ ಗೊತ್ತಾದದ್ದು.

ಶನಿವಾರ ಚರ್ಚಿನಲ್ಲಿ ಓಯ್ವನ ಶವಸಂಸ್ಕಾರದ ಪ್ರಾರ್ಥನೆ ಮುಗಿದು, ಜನರೆಲ್ಲ ಕೆಳಗಿನ ಕೋಣೆಯಲ್ಲಿ ಕಾಫಿಗೆ ಸೇರಿದರು. ಮಾರ್ಲಿಸ್ ಎರಡು ತಟ್ಟೆ ಕಡುಬು ತಂದಿದ್ದಳು. ವರ್ನ ಅವಳ ಕೈ ಹಿಡಿದು "ಬಂದೆಯಲ್ಲ, ಒಳ್ಳೇದಾಯ್ತು" ಅಂದಳೇ ಹೊರತು ಬೇರೇನೂ ಆಡಲಿಲ್ಲ. ಬೈದಿದ್ದರೆ ಮಾರ್ಲಿಸ್‌ಗೆ ಹಗುರವಾಗುತ್ತಿತ್ತು. ಅವಳು ಅಡುಗೆಮನೆಗೆ ಹೋಗಿ ಲೋಟ ತೊಳೆಯುತ್ತ ನಿಂತಳು. ಪಕ್ಕದಲ್ಲಿ ಒರೆಸುತ್ತಿದ್ದವಳು ಕೊರಿನ್, ಕಾರ್ಮಿಕ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು.

"ಕೊರಿನ್," ಅಂದಳು ಮಾರ್ಲಿಸ್. "ನಾನು ಸುಳ್ಳು ಹೇಳಿದೆ ಕಣೇ."

ಎಲ್ಲವನ್ನೂ ಹೇಳಿದಳು. ಕೊರಿನ್ ಒರೆಸುವುದನ್ನು ನಿಲ್ಲಿಸಲಿಲ್ಲ.

"ಯಾಕೆ ಹಾಗೆ ಮಾಡಿದ್ರಿ?"

"ದರ ಏರುತ್ತೆ ಅಂತ. ಅವಳಿಗೆ ಕೊಡೋ ದುಡ್ಡು ನಮ್ಮ ಜೇಬಿಂದ ಹೋಗುತ್ತೆ ಅಂತ. ಹೋದ ಸಲದ ಹಾಗೆ ದಂಡ, ಗಿಂಡ..."

"ಹೋದ ಸಲದ್ದೇ ಬೇರೆ, ಇದೇ ಬೇರೆ. ಸಂಬಳದಿಂದ ಹಿಡಿಯೋ ತೆರಿಗೆ ಇದೆಯಲ್ಲ, ಅದು ವರ್ನಳ ದುಡ್ಡು. ನಿಮ್ಮ ಕೈ ಹಾದು ಹೋಗುತ್ತೆ ಅಷ್ಟೇ, ಜೊತೆಗೆ ನಿಮ್ಮ ಪಾಲೂ ಸೇರುತ್ತೆ. ಅದನ್ನ ಆರ್ವಿಡ್ ಒಲೆಗೆ ಹಾಕಿದ, ಅದಕ್ಕೆ ದಂಡ ಬಿತ್ತು. ನಿರುದ್ಯೋಗ ವಿಮೆ ಹಾಗಲ್ಲ. ಅದಕ್ಕೆ ನಮ್ಮ ರಾಜ್ಯದಲ್ಲಿ ಅವಳ ಸಂಬಳದಿಂದ ಒಂದು ಸೆಂಟೂ ಹಿಡಿಯಲ್ಲ, ಅಂಗಡಿಯವರೇ ಕಟ್ಟೋದು. ಮೂರು ತಿಂಗಳಿಗೊಮ್ಮೆ ಕಟ್ಟಿದ್ದೀರಿ ತಾನೇ?"

"ಒಂದು ಸಲಾನೂ ತಪ್ಪಿಸಿಲ್ಲ."

"ಅಂಗಡಿಗೆ ಬೆಂಕಿ ವಿಮೆ ಕಟ್ಟಿದ್ದೀರಿ. ನಾಳೆ ಬೆಂಕಿ ಬಿದ್ರೆ, ಬೇಡ, ದುಡ್ಡು ಕೊಡಬೇಡಿ, ಮುಂದಿನ ವರ್ಷ ಕಂತು ಏರುತ್ತೆ ಅಂತೀರಾ? ಹತ್ತೊಂಬತ್ತು ವರ್ಷ ಈ ದಿನಕ್ಕೆ ಅಂತಲೇ ಕಟ್ಟಿ, ಈ ದಿನ ಬಂದಾಗ ಅವಳಿಗೆ ಸಿಗದ ಹಾಗೆ ಮಾಡಿದ್ರಲ್ಲ."

"ದರ ಏರಲ್ಲವಾ ಹಾಗಾದ್ರೆ?"

"ಏರುತ್ತೆ, ಇಲ್ಲ ಅನ್ನಲ್ಲ. ಕೆಲವು ವರ್ಷ ಸ್ವಲ್ಪ ಜಾಸ್ತಿ ಕಟ್ಟಬೇಕಾಗುತ್ತೆ. ಅದಕ್ಕೂ ಒಂದು ಮಿತಿ ಇದೆ. ಮತ್ತೆ ಯಾರನ್ನೂ ತೆಗೆಯದೆ ಹೋದ್ರೆ ಇಳಿಯುತ್ತೆ. ಕಚೇರಿಗೆ ಫೋನ್ ಮಾಡಿದ್ರೆ ಅಂದಾಜು ಹೇಳ್ತಿದ್ರು. ನೀವು ಡೆಲ್ಬರ್ಟ್‌ನ ಕೇಳಿದ್ರಿ. ತೆಗೆಯೋಕೆ ಮುಂಚೆ ಕೇಳಿದ್ದಿದ್ರೆ ಇನ್ನೊಂದು ದಾರಿನೂ ಇತ್ತು. ಕೆಲಸದವರಿಬ್ಬರಿಗೂ ದುಡಿಯೋ ಗಂಟೆ ಕಡಿಮೆ ಮಾಡಿ, ಕಡಿಮೆಯಾದ ಸಂಬಳದ ಒಂದು ಭಾಗಾನ ವಿಮೆಯಿಂದಲೇ ಕೊಡಿಸೋದು. ನಿಮ್ಮ ಅಂಗಡಿಗೆ ಅದು ಹೊಂದುತ್ತೋ ಇಲ್ಲವೋ ಅವರೇ ನೋಡಿ ಹೇಳ್ತಿದ್ರು."

ಮಾರ್ಲಿಸ್‌ಳ ಕೈ ನೀರಿನಲ್ಲೇ ಇತ್ತು.

"ಈಗ ಏನು ಮಾಡೋದು?"

"ತೀರ್ಪು ಆದ ಮೂವತ್ತು ದಿನದೊಳಗೆ ಮತ್ತೆ ವಿಚಾರಣೆ ಮಾಡಿ ಅಂತ ಕೇಳಬಹುದು. ಇವತ್ತಿಗೆ ಇಪ್ಪತ್ತಮೂರು ಆಯ್ತು. ದಂಡ ಬಿದ್ರೂ ಬೀಳಬಹುದು ಮಾರ್ಲಿಸ್. ಪ್ರಮಾಣ ಮಾಡಿ ಸುಳ್ಳು ಹೇಳಿದ್ದೀರಿ. ನಾನು ಸಿಹಿ ಮಾಡಿ ಹೇಳಲ್ಲ."

ಮನೆಗೆ ಬಂದು ಮಾರ್ಲಿಸ್ ಕೋಟನ್ನೂ ಬಿಚ್ಚದೆ ಗಂಡನ ಎದುರು ಕೂತಳು. ಕೊರಿನ್ ಹೇಳಿದ್ದನ್ನೆಲ್ಲ ಒಪ್ಪಿಸಿದಳು.

"ಮತ್ತೆ ದಂಡ ಅಂದ್ರೆ ಅಂಗಡಿ ಮುಚ್ಚಬೇಕಾಗುತ್ತೆ," ಅಂದ ಆರ್ವಿಡ್.

"ಮುಚ್ಚೋಣ."

"ಇಷ್ಟು ಸುಲಭವಾ ನಿನಗೆ?"

"ಸುಲಭ ಅಲ್ಲ. ಅವಳು ನನ್ನ ಕೈ ಹಿಡಿದುಕೊಂಡು ಒಳ್ಳೇದಾಯ್ತು ಬಂದೆಯಲ್ಲ ಅಂದಳು ಆರ್ವಿಡ್. ನಾನು ಆ ಕೈಯಲ್ಲಿ ಹೇಗೆ ಹಿಟ್ಟು ಮುಟ್ಟಲಿ?"

ಆರ್ವಿಡ್ ಎದ್ದು ಹೋಗಿ ಒಂದು ಹಾಳೆ, ಪೆನ್ನು ತಂದು ಮೇಜಿನ ಮೇಲಿಟ್ಟ.

"ನಾನು ಹೆದರಿಬಿಟ್ಟೆ," ಅಂದ ಕೊನೆಗೆ. "ವರ್ನ ಕೆಟ್ಟವಳು ಅಂತಲ್ಲ. ಲಕೋಟೆ ನೋಡಿದೆ, ಹೆದರಿಬಿಟ್ಟೆ. ಅವಳಿಗೂ ಒಂದು ಲಕೋಟೆ ಹೋಗುತ್ತೆ, ಅವಳೂ ಹೆದರ್ತಾಳೆ ಅಂತ ಹೊಳೀಲೇ ಇಲ್ಲ."

ಕಾಗದ ಅವನೇ ಬರೆದ. ನಾಲ್ಕೇ ಸಾಲು. 'ವರ್ನ ಕೆಲಸ ಬಿಡಲಿಲ್ಲ. ಕೆಲಸವಿಲ್ಲದ್ದರಿಂದ ನಾವೇ ತೆಗೆದೆವು. ವಿಚಾರಣೆಯಲ್ಲಿ ನಾವಿಬ್ಬರೂ ಹೇಳಿದ್ದು ಸುಳ್ಳು. ಅವಳಿಗೆ ಸಿಗಬೇಕಾದದ್ದನ್ನು ಕೊಡಿ.' ಕೆಳಗೆ ಇಬ್ಬರೂ ಸಹಿ ಹಾಕಿದರು.

ಮಾರ್ಚಿನಲ್ಲಿ ತೀರ್ಪು ತಿರುಗಿತು. ಕೆಲಸವಿಲ್ಲದೆ ಕಳೆದ ಒಂಬತ್ತು ವಾರದ ದುಡ್ಡು ವರ್ನಳಿಗೆ ಒಟ್ಟಿಗೆ ಬಂತು. ಆರ್ವಿಡ್‌ಗೆ ದಂಡವೂ ಬಿತ್ತು, ವಿಮೆಯ ದರವೂ ಏರಿತು. ಪ್ರತಿ ಸೋಮವಾರ ಅಂಗಡಿಗೆ ರಜೆ ಮಾಡಿ, ಕಡುಬಿನ ಬೆಲೆ ಸ್ವಲ್ಪ ಏರಿಸಿ, ದಂಡವನ್ನು ಕಂತಿನಲ್ಲಿ ಕಟ್ಟತೊಡಗಿದರು. ಕಷ್ಟವಾಯಿತು, ಆದರೆ ಅಂಗಡಿ ಮುಳುಗಲಿಲ್ಲ.

ಹಿಮ ಕರಗುವ ಹೊತ್ತಿಗೆ ಇಬ್ಬರೂ ವರ್ನಳ ಮನೆಗೆ ಹೋದರು. ಓಯ್ವನ ಯಂತ್ರವನ್ನು ಆಸ್ಪತ್ರೆಯವರು ವಾಪಸ್ ಒಯ್ದಿದ್ದರು. ಅದಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿತ್ತು. ವರ್ನ ಮೂರು ಲೋಟ ಕಾಫಿ ಬಗ್ಗಿಸಿದಳು.

"ದುಡ್ಡು ಬಂತು," ಅಂದಳು. "ಕರೆಂಟಿನ ಬಾಕಿ ತೀರಿಸಿದೆ. ನೀವು ಕಾಗದ ಬರೆದದ್ದನ್ನ ಕೊರಿನ್ ಹೇಳಿದಳು."

"ವರ್ನ, ವ್ಯಾಪಾರ ಸ್ವಲ್ಪ ಚೇತರಿಸಿಕೊಂಡಿದೆ," ಅಂದ ಆರ್ವಿಡ್. "ವಾರಕ್ಕೆ ಮೂರು ದಿನ ಆದ್ರೂ..."

"ಬೇಡ. ಸಿಟ್ಟಿಂದ ಹೇಳ್ತಿಲ್ಲ ಆರ್ವಿಡ್. ಆ ಒಲೆ ಮುಂದೆ ನಿಂತರೆ ನನಗೆ ಆ ಫೋನೇ ಕೇಳಿಸುತ್ತೆ."

ಮಾರ್ಲಿಸ್ ಕ್ಷಮಿಸು ಅನ್ನಲು ಬಾಯಿ ತೆರೆದಳು. ವರ್ನ ತಲೆಯಾಡಿಸಿ ತಡೆದಳು.

"ನಾನು ಮನೇಲಿದ್ದಿದ್ರೆ ಅವನು ಉಳೀತಿದ್ದ ಅಂತ ಡಾಕ್ಟರೂ ಹೇಳಿಲ್ಲ, ನಾನೂ ಹೇಳಲ್ಲ. ಅದನ್ನ ನಿಮ್ಮ ತಲೆ ಮೇಲೆ ಹಾಕಲ್ಲ. ಆದ್ರೆ ಅವನು ನನ್ನ ಕೂಗಿರ್ತಾನೆ. ಅಭ್ಯಾಸ ಅವನಿಗೆ. ಲೋಟ ಬೇಕಾದ್ರೂ ಕೂಗೋನು."

ಅದಾದ ಮೇಲೆ ಮೂವರೂ ಕಾಫಿ ಕುಡಿದರು.

ಈಗ ಊರಿನಲ್ಲಿ ಯಾವ ಅಂಗಡಿಯವನಿಗೆ ಅಂಥ ಲಕೋಟೆ ಬಂದರೂ ಆರ್ವಿಡ್ ತಾನೇ ಹೋಗಿ ಕೂತು, ನಡೆದದ್ದನ್ನೆಲ್ಲ ಹೇಳಿ, ಕಚೇರಿಯ ಫೋನ್ ನಂಬರ್ ಬರೆದುಕೊಟ್ಟು ಬರುತ್ತಾನೆ.

ಇದನ್ನು ಓದುತ್ತಿರುವ ನೀವೂ ಒಬ್ಬರಿಗೋ ನಾಲ್ವರಿಗೋ ಕೆಲಸ ಕೊಟ್ಟವರಾಗಿರಬಹುದು. ಅವರ ಸಂಬಳದಿಂದ ಹಿಡಿದದ್ದು ಅವರದು, ಎಷ್ಟೇ ಮುಗ್ಗಟ್ಟಿದ್ದರೂ ಅದಕ್ಕೆ ಕೈ ಹಾಕಬೇಡಿ, ದಿನ ತಪ್ಪದೆ ಕಟ್ಟಿ. ಕೆಲಸದವರ ಹೆಸರಿನ ವಿಮೆಯನ್ನೂ ಹಾಗೇ ಕಟ್ಟಿ. ವ್ಯಾಪಾರ ಬಿದ್ದರೆ, ಒಬ್ಬರನ್ನು ತೆಗೆಯುವ ಮುಂಚೆ ಕಚೇರಿಗೊಂದು ಫೋನ್ ಮಾಡಿ ಬೇರೆ ದಾರಿ ಇದೆಯೇ ಕೇಳಿ. ತೆಗೆಯಲೇಬೇಕಾಗಿ ಬಂದರೆ, ತೆಗೆದೆ ಎಂದೇ ಬರೆಯಿರಿ. ಬರೆದ ಮೇಲೆ ನಿಮಗೆ ಒಂದಿಷ್ಟು ಖರ್ಚು ಬಿದ್ದೀತು. ಬರೆಯದೆ ಹೋದರೆ ಅದರ ಪೆಟ್ಟು ಯಾರ ಮನೆಯಲ್ಲಿ, ಯಾವ ಮಧ್ಯಾಹ್ನ ಬೀಳುತ್ತದೆ ಎಂದು ನಿಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.