ಚಿಟಿಕೆ ವಿಭೂತಿ

ಶಿವಗಂಗಾಳ ಬೂಷ್ಟು ಬಾಗಲಕೋಟೆಯ ಆ ಕಾಲೇಜಿನಲ್ಲಿ ಅವಳಿಗಿಂತ ಹೆಚ್ಚು ಹೆಸರು ಮಾಡಿತ್ತು. ಕೊಳೆತ ಉಳ್ಳಾಗಡ್ಡಿಯ ಮೇಲೆ ಏಳುವ ಕಪ್ಪು ಬೂಷ್ಟು ಅದು, ಮನೆಯಲ್ಲಿ ಕಂಡರೆ ಯಾರಾದರೂ ಮೂಗು ಮುರಿಯುವಂಥದ್ದು. ಸಂಶೋಧನೆಗೆಂದು ಅವಳು ಅದನ್ನು ಸಕ್ಕರೆ ನೀರಿನ ಗಾಜಿನ ಕುಪ್ಪಿಯಲ್ಲಿ ಕೂಸಿನ ಹಾಗೆ ಸಾಕಿದ್ದಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಎಳೆಗಳ ಒಳಗೆ ಪೆರಾಕ್ಸಿಸೋಮ್ ಎಂಬ ಪುಟ್ಟ ಚೀಲಗಳು ಕಿಕ್ಕಿರಿದಿರುತ್ತಿದ್ದವು. ಸಕ್ಕರೆಯನ್ನು ಆಮ್ಲ ಮಾಡುವ ಕಿಣ್ವ ಇರುವುದು ಆ ಚೀಲಗಳಲ್ಲಿ. ಅವಳ ಬೂಷ್ಟಿನಲ್ಲಿ ಆ ಕಿಣ್ವ ಬೇರೆಯವರದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಲೇಖನ ಬರೆಯಲು ಅವಳ ಮಾರ್ಗದರ್ಶಕ ಪ್ರೇಮಕುಮಾರ ಸರ್ ಹೇಳಿಯಾಗಿತ್ತು.

ಅದನ್ನು ಪತ್ರಿಕೆಗೆ ಕಳಿಸುವ ಮೊದಲು ಇನ್ನೊಬ್ಬರ ಕೈಯಲ್ಲೂ ಅದೇ ಫಲ ಬರಬೇಕು. ಹುನಗುಂದದ ಮಹಮ್ಮದ, ಅವಳಿಗಿಂತ ಕಿರಿಯ ಸಂಶೋಧಕ, ಅದೇ ಬೂಷ್ಟು ಬೆಳೆಸಿದ. ಕಿಣ್ವ ಏರಲಿಲ್ಲ. ಮತ್ತೆ ಮತ್ತೆ ಮಾಡಿದ, ಆಗಲೂ ಇಲ್ಲ. ಶಿವಗಂಗಾಳಿಗೆ ಸಿಟ್ಟು ನೆತ್ತಿಗೇರಿತು.

"ಕೈ ಶುದ್ಧ ಇರಬೇಕಪಾ. ಇದು ಎಲ್ಲಾರ ಕೈಗೂ ಒಲಿಯೂದಿಲ್ಲ," ಎಂದು ಎಲ್ಲರೆದುರು ಅಂದುಬಿಟ್ಟಳು.

ಮಹಮ್ಮದ ತಲೆ ತಗ್ಗಿಸಿಕೊಂಡು ಹೊರಗೆ ಹೋದ. ಸೋಮವಾರದಿಂದ ಅವನನ್ನು ಈ ಯೋಜನೆಯಿಂದ ಬಿಡಿಸುವುದಾಗಿ ಸರ್ ಹೇಳಿದರು.

ಶಿವಗಂಗಾಳಿಗೆ ಒಂದು ರೂಢಿ ಇತ್ತು. ಹೊಸ ಕುಪ್ಪಿ ತಯಾರಿಸುವಾಗ ಹಣೆಗೆ ವಿಭೂತಿ ಹಚ್ಚಿಕೊಂಡು, ಕುಪ್ಪಿಯ ಒಳಗೂ ಒಂದು ಚಿಟಿಕೆ ಉದುರಿಸಿ, ಆಮೇಲೆ ಹಬೆಗೆ ಇಡುತ್ತಿದ್ದಳು; ಬೂಷ್ಟು ಬಿತ್ತುವುದು ಅದು ಆರಿದ ಮೇಲೆ. ಶಿವಯೋಗ ಮಂದಿರದಿಂದ ಅಜ್ಜಿ ಸಿದ್ದವ್ವ ತಂದುಕೊಟ್ಟ ವಿಭೂತಿ. ಬಿತ್ತುವ ದಿನ ಅಜ್ಜಿ ಕೂರಿಗೆಗೆ ಹಚ್ಚುತ್ತಿದ್ದಳಲ್ಲ, ಹಾಗೆಯೇ ಇದೂ. ಹಬೆಯಲ್ಲಿ ಬೆಂದ ಮೇಲೆ ಯಾವ ಕ್ರಿಮಿ ಉಳಿದೀತು ಎಂಬ ಧೈರ್ಯ ಬೇರೆ. ಜನ ನಕ್ಕಾರು ಎಂದು ಯಾರಿಗೂ ಹೇಳಿರಲಿಲ್ಲ.

ಆ ವಾರ ವಿಭೂತಿ ತೀರಿತ್ತು. ಅದಿಲ್ಲದೆ ಬೆಳೆಸಿದ ಬೂಷ್ಟಿನಲ್ಲಿ ಚೀಲಗಳು ಅಲ್ಲೊಂದು ಇಲ್ಲೊಂದು, ಕಿಣ್ವ ಮಹಮ್ಮದನಿಗೆ ಬಂದಷ್ಟೇ. ವಿಭೂತಿಯಲ್ಲಿ ಸುಣ್ಣದ ಅಂಶ ಇರುತ್ತದಲ್ಲ ಎಂದು ಅನುಮಾನ ಬಂದು ಇನ್ನೊಂದು ಕುಪ್ಪಿಗೆ ಸುಣ್ಣದ ಪುಡಿ ಹಾಕಿ ನೋಡಿದಳು. ಚೀಲಗಳು ಮತ್ತೆ ಕಿಕ್ಕಿರಿದವು. ಅಂದರೆ ಆ ಸುಣ್ಣವೇ ಆಮ್ಲವನ್ನು ತಗ್ಗಿಸಿ ಕಿಣ್ವವನ್ನು ಏರಿಸಿತ್ತು. ಮಹಮ್ಮದನ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಲೇಖನದಲ್ಲಿ ಸುಣ್ಣ ಹಾಕಿದೆ ಎಂದಷ್ಟೇ ಬರೆದು ಪಾರಾಗಬಹುದು ಎಂಬ ಆಸೆಯೂ ಇಣುಕದೆ ಇರಲಿಲ್ಲ. ಹಾಗೆ ಯೋಚಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಗಿ, ಸೋಮವಾರ ಬೆಳಿಗ್ಗೆಯೇ ಸರ್ ಕೋಣೆಗೆ ಹೋಗಿ ಎಲ್ಲ ಹೇಳಿದಳು.

"ಲೇಖನ ಸದ್ಯ ಬ್ಯಾಡ," ಎಂದರು ಸರ್. "ಮಹಮ್ಮದ ಇರ್ತಾನ. ಅವಗ ನೀನ ಹೋಗಿ ಹೇಳವಾ."

ಮಹಮ್ಮದ ಕುಪ್ಪಿಗಳನ್ನು ತೊಳೆಯುತ್ತಿದ್ದ.

"ತಪ್ಪು ನಂದು," ಎಂದಳು ಶಿವಗಂಗಾ. "ನಾ ಕುಪ್ಯಾಗ ವಿಭೂತಿ ಹಾಕತಿದ್ದೆ. ಯಾರಿಗೂ ಹೇಳಿರಲಿಲ್ಲ."

ಅವನು ನಲ್ಲಿ ನಿಲ್ಲಿಸಿದ. "ಗೊತ್ತಿತ್ರಿ ಅಕ್ಕಾರ. ನೀವು ಹಾಕೂದು ನಾ ನೋಡಿದ್ದೆ."

ಅವಳಿಗೆ ನೆಲ ಬಿರಿಯಬಾರದೆ ಅನ್ನಿಸಿತು. "ಮತ್ತ ಸರ್ ಮುಂದ ಯಾಕ ಹೇಳಲಿಲ್ಲ? ನಿನ್ನ ಬಿಡಸ್ತಿದ್ರಲ್ಲ."

"ಅಕ್ಕಾರ ವಿಭೂತಿ ಹಾಕಿ ಕೆಲಸ ಕೆಡಿಸ್ಯಾರ ಅಂತ ನಾ, ಮಹಮ್ಮದ, ಎದ್ದು ನಿಂತು ಹೇಳಿದ್ರ," ಎಂದ ಅವನು ಮೆಲ್ಲಗೆ, "ಅದು ಬೂಷ್ಟಿನ ಮಾತು ಅಂತ ಯಾರು ತಿಳ್ಕೋತಿದ್ರು? ನೀವರ ತಿಳ್ಕೋತಿದ್ರೇನ್ರಿ?"

ಹೌದು ಎನ್ನಲು ಅವಳು ಬಾಯಿ ತೆರೆದಳು. ಸುಳ್ಳಾಗುತ್ತದೆ ಎಂದು ಸುಮ್ಮನಾದಳು.