ಪಂಪು ತೊಳೆದ ನೀರು

ಕುರ್ಚಿಯ ಗಾಲಿ ಈಗ ಸದ್ದೇ ಮಾಡುತ್ತಿಲ್ಲ, ಮೊದಲಾದರೆ ಗರಿಕೆಯ ಗಂಟುಗಳನ್ನು ಹತ್ತಿಳಿದು ಗಡಕ್ ಗಡಕ್ ಅನ್ನುತ್ತಿತ್ತು, ಒಲೆ ಮುಂದೆ ಕೂತಲ್ಲಿಂದಲೇ ತಿಪ್ಪಕ್ಕನಿಗೆ ತಮ್ಮ ಅಂಜಿನಿ ಅಂಗಳದಲ್ಲಿ ಎಲ್ಲಿದ್ದಾನೆ ಅಂತ ತಿಳಿಯುತ್ತಿತ್ತು, ಈಗ ಬೇವಿನ ಮರದ ಬುಡ, ಈಗ ಗೇಟಿನ ಹತ್ತಿರ — ಈಗ ಏನೂ ತಿಳಿಯುವುದಿಲ್ಲ, ಚಪ್ಪಡಿ ಕಲ್ಲುಗಳ ಸಂದಿನಲ್ಲಿ ಹುಲ್ಲು ಸತ್ತು ಕಂದು ಗೆರೆಯಾಗಿದೆ, ಅಂಗಳ ನುಣ್ಣಗಿದೆ, ಅವಳು ಬಯಸಿದ್ದು ಅದನ್ನೇ ತಾನೆ, ನುಣ್ಣಗಿರಲಿ, ಮುಳ್ಳಿರದಿರಲಿ ಅಂತ. ಈ ಚಪ್ಪಡಿ ಹಾಸಿಸಿದ್ದೂ ಅಂಜಿನಿಗೋಸ್ಕರವೇ, ಹನ್ನೊಂದು ವರ್ಷದ ಕೆಳಗೆ ರೊಳ್ಳ ಊರಿನ ಆಚೆ ತೋಪಿನಲ್ಲಿ ಹುಣಸೆಹಣ್ಣು ಉದುರಿಸಲು ಹೋದವನು ಕೊಂಬೆ ಮುರಿದು ಬಿದ್ದ, ಸೊಂಟದಿಂದ ಕೆಳಗೆ ಸತ್ತಂತಾಯಿತು, ಆಗ ಅವನಿಗೆ ಇಪ್ಪತ್ತೇಳು, ಮಣ್ಣಿನಂಗಳದಲ್ಲಿ ಗಾಲಿ ಹೂತುಕೊಳ್ಳುತ್ತಿತ್ತು, ಗಾರೆ ಕೆಲಸದ ಚಿಕ್ಕತಿಮ್ಮಯ್ಯ ಬಂದು ಕಲ್ಲು ಹಾಸಿ, ಸಂದಿಗೆ ಸಿಮೆಂಟು ತುಂಬಲೇನಮ್ಮ ಅಂದಾಗ ಅಂಜಿನಿಯೇ ಬ್ಯಾಡ ಅಂದಿದ್ದ, ಮಣ್ಣಿರ್ಲಿ ಬಿಡಣ್ಣ, ಇರುವೆ ಎಲ್ಲಿಗೋಗ್ತವೆ. ಇರುವೆಗೆ ಹಕ್ಕಿ ಬಂದವು, ಹುಲ್ಲಿನ ಬೀಜಕ್ಕೆ ಪುಟ್ಟ ರಾಟವಾಳಗಳು, ಹುಳುವಿಗೆ ಗೊರವಂಕ, ಎಲ್ಲಕ್ಕಿಂತ ಹೆಚ್ಚಾಗಿ ಆ ಮಣ್ಣು ಬಣ್ಣದ ಹರಟೆಮಲ್ಲಗಳು, ಏಳು ಹಕ್ಕಿ, ಏಳೂ ಒಟ್ಟಿಗೇ ಬಂದು ಒಂದರ ಮಾತಿಗೆ ಇನ್ನೊಂದು ಬಾಯಿ ಹಾಕಿ ಜಗಳವಾಡುತ್ತಿದ್ದವು, ಪಂಚಾಯ್ತಿ ಬಂತು ನೋಡಕ್ಕ ಅನ್ನುತ್ತಿದ್ದ, ಎಲ್ಲಕ್ಕಿಂತ ದಪ್ಪಗಿದ್ದ ಹಕ್ಕಿಯನ್ನು ತೋರಿಸಿ, ಇವತ್ತು ಸರಪಂಚನಿಗೆ ಯಾಕೋ ಸಿಟ್ಟು ಬಂದೈತೆ. ಅವನು ನಗುತ್ತಿದ್ದದ್ದು ಅವುಗಳ ಜೊತೆ ಮಾತ್ರ, ಅವಳು ಎಷ್ಟು ಚಾಕರಿ ಮಾಡಿದರೂ ಅವಳ ಕಡೆಗೆ ಆ ನಗು ತಿರುಗಲಿಲ್ಲ, ಅದಕ್ಕೇನು ಹೊಟ್ಟೆಕಿಚ್ಚಿತ್ತಾ, ಇಲ್ಲ, ಇರಲಿಲ್ಲ, ಇತ್ತೇನೋ, ಈಗ ಅದನ್ನು ಕೆದಕಿ ಏನು ಬಂತು.

ನೆಗ್ಗಿಲು ಮುಳ್ಳಿನಿಂದ ಶುರುವಾಯಿತು ಎಲ್ಲ, ನೆಲಕ್ಕೇ ಅಂಟಿಕೊಂಡು ಹಬ್ಬುವ ಗಿಡ, ಹಳದಿ ಹೂವು ನೋಡಲು ಚೆಂದ, ಕಾಯಿ ಒಣಗಿದರೆ ಎತ್ತ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ, ಗಾಲಿಗೆ ಚುಚ್ಚಿದರೆ ಪಂಕ್ಚರು ಹಾಕಿಸಬಹುದು, ಅಂಜಿನಿಯ ಎಡಗಾಲು ಕುರ್ಚಿಯ ಹಲಗೆಯಿಂದ ಜಾರಿ ನೆಲಕ್ಕೆ ಎಳೆಯುತ್ತಿದ್ದರೂ ಅವನಿಗೆ ಗೊತ್ತಾಗುವುದಿಲ್ಲ, ಹಿಮ್ಮಡಿಯ ಒಡಕಿನಲ್ಲಿ ಮುಳ್ಳು ಮುರಿದುಕೊಂಡು, ತೊಳೆಯುವ ಕೈಗೂ ಸಿಗದೆ ನಾಲ್ಕು ದಿನ ಇತ್ತು, ವಾಸನೆ ಬಂದ ಮೇಲೆ ಅವಳು ನೋಡಿದಳು, ಕೀವು, ಕಪ್ಪಾದ ಚರ್ಮ, ಇಪ್ಪತ್ತು ದಿನ ಆಸ್ಪತ್ರೆ, ಇನ್ನೊಂದ್ಸಲ ಹಿಂಗಾದ್ರೆ ಕಾಲು ತೆಗೀಬೇಕಾಗುತ್ತಮ್ಮ ಅಂದರು ಡಾಕ್ಟರು. ವಾಪಸು ಬರುವಾಗ ಆಟೋದಲ್ಲಿ ಅವನು ಹೇಳಿದ, ಹೋದ್ರೆ ಹೋಗ್ಲಿ ಬಿಡಕ್ಕ, ಹನ್ನೊಂದ್ ವರ್ಷದಿಂದ ಅದೇನು ನಂದಾ — ಆ ಕಾಲನ್ನು ದಿನಾ ತೊಳೆದು ಒರೆಸಿ ಎಣ್ಣೆ ಹಚ್ಚಿದವಳು ಅವಳು, ಅವನದಲ್ಲದಿದ್ದರೆ ಅವಳದು. ಕುಡುಗೋಲಿನ ತುದಿಯಿಂದ ಸಂದು ಸಂದು ಕೆರೆದಳು, ಮಳೆ ಬಂದ ಮಾರನೇ ದಿನ ಬೇರು ಸಮೇತ ಸಲೀಸಾಗಿ ಬರುತ್ತದೆ, ಹೂವಾಗುವ ಮುಂಚೆಯೇ ಕಿತ್ತರೆ ಕಾಯಿಯೇ ಇಲ್ಲ, ಅನ್ನ ಬಸಿದ ಕುದಿನೀರನ್ನು ಎಳೆ ಗಿಡದ ನೆತ್ತಿಗೆ ಹುಯ್ದಳು, ಉಪ್ಪು ಹಾಕ್ತೀನಿ ಅಂದಾಗ ಅಂಜಿನಿ ಬೇಡ ಅಂದ, ಎರೆಹುಳ ಸಾಯ್ತವೆ, ಔಷ್ದಿಯಂತೂ ತರ್ಲೇಬ್ಯಾಡ, ನೀನು ಕೀಳು, ಆಗದಿದ್ರೆ ಬಿಡು, ನಾನು ಒಳಗೇ ಇರ್ತೀನಿ. ಒಳಗೇ ಇರುತ್ತಾನಂತೆ. ಮೂರು ತಿಂಗಳು ಕಿತ್ತಳು, ಕೊನೆಗೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು, ಪುತ್ತೂರಿನ ನಾಟಿ ಕಟ್ಟು ಹಾಕಿಸಿದಳು, ಮೂಳೆ ಕೂಡಿಕೊಂಡಿತು, ಹಿಡಿತ ಬರಲಿಲ್ಲ, ಗರಿಕೆ ಎಳೆದರೆ ಎಲೆ ಕೈಗೆ ಬರುತ್ತದೆ ಬೇರು ಅಲ್ಲೇ ಉಳಿಯುತ್ತದೆ, ಅಷ್ಟರಲ್ಲಿ ಮಳೆ ಹಿಡಿಯಿತು, ಎಂಟೇ ದಿನಕ್ಕೆ ಅಂಗಳದ ತುಂಬ ಹಳದಿ ಹೂವು, ಒಂದು ಬೆಳಿಗ್ಗೆ ಅವನ ಪಾದ ತೊಳೆಯುವಾಗ ಬೆರಳ ಸಂದಿನಲ್ಲಿ ಒಂದು ಹಸಿರು ನೆಗ್ಗಿಲು ಕಾಯಿ.

ಅವತ್ತೇ ಕಳೆ ಔಷಧಿ ತರಲು ಮಡಕಶಿರಕ್ಕೆ ಹೋದಳು, ಅಂಗಡಿಯವನನ್ನು ಮೂರು ಸಲ ಕೇಳಿದಳು, ಹಕ್ಕಿಗೇನೂ ಆಗಲ್ವಾ ಸ್ವಾಮಿ, ಅವನು ತೆಲುಗಿನಲ್ಲಿ ಏಮೀ ಕಾದು ಲೇಮ್ಮಾ ಅಂದ, ಏನೂ ಆಗುವುದಿಲ್ಲ, ಎಲೆ ಒಣಗೋವರೆಗೂ ಯಾರನ್ನೂ ಬಿಡಬೇಡ, ಗಾಳಿಯಲ್ಲಿ ಹೊಡೆಯಬೇಡ ಅಂದ, ಎಲ್ಲವನ್ನೂ ಪಾಠದಂತೆ ನೆನಪಿಟ್ಟುಕೊಂಡಳು. ಔಷಧಿ ಹೊಡೆಯುವ ಪಂಪು ಪಕ್ಕದ ಮನೆಯ ಯರ್ರಪ್ಪನದು, ಕೊಡುವಾಗ ಅವನೂ ಹೇಳಿದ, ಚೆನ್ನಾಗಿ ತೊಳ್ಕಳಮ್ಮ, ನೆನ್ನೆ ಕಡ್ಲೇಕಾಯ್ಗೆ ಹುಳದ ಔಷ್ದಿ ಹೊಡ್ದಿದ್ದೆ, ಅದು ಕೆಟ್ಟ ವಿಷ. ತೊಳೆದಳು, ಮೂರು ಸಲ ತೊಳೆದಳು, ಅದೇ ತಪ್ಪು, ತೊಳೆಯದಿದ್ದರೂ ತಪ್ಪು, ಎಲ್ಲಿ ತೊಳೆದೆ ತಿಪ್ಪಕ್ಕಾ ನೀನು, ಅಂಗಳದ ನಲ್ಲಿಯ ಕೆಳಗೆ, ಬೀದಿಗೆ ಚೆಲ್ಲಿದರೆ ನಾಯಿ ಕುರಿ ಕುಡಿದಾವು ಅಂತ ಗೇಟಿನೊಳಗೇ ಚೆಲ್ಲಿದೆ. ಹಕ್ಕಿಯ ನೀರಿನ ಮಡಕೆ ಒಳಗಿಟ್ಟಳು, ತಮ್ಮನಿಗೆ ಇವತ್ತು ಬಿಸಿಲು ಜಾಸ್ತಿ ಅಂತ ಸುಳ್ಳು ಹೇಳಿ ಮಂಚದ ಮೇಲೆ ಮಲಗಿಸಿದಳು, ಕಿಟಕಿ ಮುಚ್ಚಿದಳು, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಳು, ಬರಿ ಸಂದಿಗೆ ಮಾತ್ರ ಬೀಳುವಂತೆ ಬಗ್ಗಿ ಬಗ್ಗಿ ಹೊಡೆದಳು, ಒಂದು ಹನಿ ಆಚೀಚೆ ಬಿಡದೆ, ಎಡಗೈಯಲ್ಲಿ, ಎಷ್ಟು ಹುಷಾರು, ದೇವರೇ ಎಷ್ಟು ಹುಷಾರು. ನಲ್ಲಿಯ ಕೆಳಗಿನ ಚಪ್ಪಡಿ ತಗ್ಗು, ಪಂಪು ತೊಳೆದ ನೀರು ಅಲ್ಲಿ ನಿಂತಿತ್ತು, ಒಂದು ಊಟದ ತಟ್ಟೆಯಷ್ಟು, ತಿಳಿಯಾಗಿ, ಆಕಾಶ ಕಾಣುವ ಹಾಗೆ. ಅವಳು ಅದನ್ನು ದಾಟಿಕೊಂಡೇ ಹೋದಳು, ಪಂಪು ವಾಪಸು ಕೊಡಲು, ಯರ್ರಪ್ಪನ ಹೆಂಡತಿ ಲಲಿತಾ ಕೂರಕ್ಕ, ಕಾಫಿ ಕುಡ್ಕಂಡು ಹೋಗು ಅಂದಳು, ಕೂತಳು, ಎಷ್ಟೋ ತಿಂಗಳಿಂದ ಎಲ್ಲೂ ಕೂತಿರಲಿಲ್ಲ, ಮಳೆಯ ಮಾತು, ಕೈನೋವಿನ ಮಾತು, ಒಂದು ಗಂಟೆ. ಬಂದು ಗೇಟು ತೆಗೆದರೆ ನಲ್ಲಿಯ ಸುತ್ತ ಒಣಗಿದ ಎಲೆ ಬಿದ್ದಿದೆ ಅಂದುಕೊಂಡಳು, ಎಲೆಯಲ್ಲ, ಒಂದರ ಮೇಲೊಂದು, ಒಂದು ಇನ್ನೂ ಕಾಲಾಡಿಸುತ್ತಿತ್ತು, ಅಂಗೈಗೆ ತೆಗೆದುಕೊಂಡಳು, ಏನು ಹಗುರ, ಬಿಸಿ ಇತ್ತು, ಆಮೇಲೆ ಇರಲಿಲ್ಲ. ಏಳನ್ನೂ ಅಕ್ಕಿಚೀಲಕ್ಕೆ ತುಂಬಿ ಹಿತ್ತಿಲಲ್ಲಿ ಹೂತಳು, ತಗ್ಗಿನ ನೀರಿಗೆ ಬೂದಿ ಸುರಿದು ಕೆಸರು ಮಾಡಿ ಬಳಿದಳು, ಆಮೇಲೆ ಚಿಲಕ ತೆಗೆದು ಒಳಗೆ ಹೋಗಿ ಕೇಳಿದಳು, ಹಸಿವಾಯ್ತೇನೋ.

ಹಸಿವಿಲ್ಲ ಅಂದ, ಗೋಡೆ ಕಡೆ ಮುಖ ಮಾಡಿದ್ದ, ಎರಡು ದಿನ ಮುಖ ತಿರುಗಿಸಲಿಲ್ಲ, ಅವಳೇ ಮಾತು ಹೊಸೆದಳು, ಪಂಚಾಯ್ತಿ ಈಗ ಯರ್ರಪ್ಪನ ಹೊಲಕ್ಕೆ ಹೋಗೈತೆ ಕಣೋ, ಅಲ್ಲಿ ಹುಳ ಜಾಸ್ತಿ, ಹೇಳುತ್ತಾ ಹೇಳುತ್ತಾ ಅವಳಿಗೇ ಸ್ವಲ್ಪ ನಂಬಿಕೆ ಬಂದಿತ್ತು. ಮೂರನೇ ದಿನ ಅವನು ಮೆಲ್ಲಗೆ ಅಂದ, ಅಕ್ಕಾ, ಕಿಟಕಿ ಪೂರ್ತಿ ಮುಚ್ಚಲ್ಲ ಅದು, ಬೆರಳಗಲ ಸಂದು ಬಿಡ್ತದೆ. ಅವಳು ಹಿಟ್ಟು ನಾದುತ್ತಿದ್ದ ಕೈ ಹಾಗೇ ನಿಲ್ಲಿಸಿದಳು. ಮೊದ್ಲು ಸರಪಂಚ ನೀರಿಗಿಳೀತು, ರೆಕ್ಕೆ ಒದರ್ತು, ಹಂಗೇ ಒರಗ್ತು, ನಿನ್ನ ಕೂಗ್ದೆ, ಎಷ್ಟು ಕೂಗ್ದೆ ಅಂತೀಯ, ಉಳಿದವು ಬೇಲಿ ಮೇಲಿದ್ವು, ಓಡಿಸಾನ ಅಂತ ಜೋರಾಗಿ ಚಪ್ಪಾಳೆ ತಟ್ದೆ. ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಅಂದ, ದಿನಾ ಅನ್ನ ಹಾಕುವಾಗ ಚಪ್ಪಾಳೆ ತಟ್ಟೇ ಕರೀತಿದ್ದೆನಲ್ಲ, ಊಟಕ್ಕೆ ಕರೀತಾವ್ನೆ ಅಂತ ಎಲ್ಲಾ ಇಳಿದು ಬಂದ್ವು. ಅವನು ಬೈಯಲಿಲ್ಲ, ಒಂದು ಮಾತು ಬೈಯಲಿಲ್ಲ, ಬೈದಿದ್ದರೆ ಅವಳು ಕಾಲು ಹಿಡಿದು ಅಳಬಹುದಿತ್ತು, ಆ ಕಾಲನ್ನೇ ಹಿಡಿದು — ಅವನೋ ತಾನೇ ಕೊಂದೆ ಅಂತ ಲೆಕ್ಕ ಹಾಕಿಕೊಂಡುಬಿಟ್ಟಿದ್ದಾನೆ, ಇಲ್ಲ ಕಣೋ ನೀರು ನಂದು ಅಂದಳು, ಇರ್ಲಿ ಬಿಡಕ್ಕ ಅಂದ, ಅಷ್ಟೇ, ಪಾಪವನ್ನೂ ಅವಳ ಕೈಗೆ ಕೊಡಲಿಲ್ಲ. ಇವತ್ತು ಬೆಳಿಗ್ಗೆ ಹಿಮ್ಮಡಿ ನೋಡಿದಳು, ಗಾಯ ಪೂರ್ತಿ ಮಾಗಿದೆ, ಹೊಸ ಚರ್ಮ ಗುಲಾಬಿಯಾಗಿದೆ, ಮಗುವಿನ ಪಾದದ ಹಾಗೆ, ಅದನ್ನು ನೋಡಲಾಗದೆ ಬಟ್ಟೆ ಮುಚ್ಚಿದಳು. ಅಕ್ಕಾ ಒಂದು ಹಿಡಿ ಅನ್ನ ಕೊಡು ಅಂದ, ಕೊಟ್ಟಳು, ಈಗ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಾಳೆ, ಅಂಗಳಕ್ಕೆ ಅನ್ನ ಎರಚಿದ, ಬೇಲಿ ಕಡೆ ನೋಡಿದ, ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿದ, ಅಂಗೈಗೆ ಅಂಗೈ ಎದುರಾಗಿ, ನಡುವೆ ಒಂದು ಗೇಣು, ತಟ್ಟುತ್ತಾನೆ ಈಗ, ತಟ್ಟಲಿ, ಒಂದು ಸಲ ತಟ್ಟೋ ನನ್ನಪ್ಪಾ — ತಟ್ಟಲಿಲ್ಲ, ಇಳಿಸಲೂ ಇಲ್ಲ, ಬಿಸಿಲು ಬೇವಿನ ನೆರಳು ದಾಟಿ ಅವನ ಮೊಣಕಾಲಿಗೆ ಬಂತು, ಕೈಗಳು ಅಲ್ಲೇ, ಒಲೆಯ ಮೇಲೆ ಸಾರು ಉಕ್ಕಿ ಸೀದ ವಾಸನೆ, ಹೋಗಬೇಕು, ಕೈಗಳು ಅಲ್ಲೇ, ನಡುವೆ ಆ ಗೇಣು, ಕೈಗಳು ಅಲ್ಲೇ